ಹಳೆಯ ಕ್ಯಾಮೆರಾ, ಇನ್ನೂ ಹಳೆಯ ಲೆನ್ಸ್: ಬಾದಾಮಿಯಲ್ಲಿ ನಾಲ್ಕು ದಿನ

ಡಿಸೆಂಬರ್ ತಿಂಗಳ ಒಂದು ಮುಂಜಾನೆ ನಾವು ರಾತ್ರಿ ರೈಲಿನಿಂದ ಬಾದಾಮಿ ನಿಲ್ದಾಣದಲ್ಲಿ ಇಳಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ನಿಲ್ದಾಣದಿಂದ ಊರು ಸುಮಾರು ಐದು ಕಿಲೋಮೀಟರ್ ದೂರದಲ್ಲಿದೆ. ಹೊರಗೆ ನಿಂತಿದ್ದ ಟಂಟಂನಲ್ಲಿ, ಅಂದರೆ ಬಾಡಿಗೆ ಆಟೋದಲ್ಲಿ, ಸೋದರಮಾವ ಚಾಲಕನ ಪಕ್ಕ ಕುಳಿತರು. ನಾನು ಹಿಂದೆ ಹಾಲಿನ ಕ್ಯಾನುಗಳ ನಡುವೆ ಜಾಗ ಮಾಡಿಕೊಂಡೆ. ಕ್ಯಾಮೆರಾ ನನ್ನ ಕೊರಳಲ್ಲೇ ತೂಗುತ್ತಿತ್ತು. ಊರು ಸಮೀಪಿಸುವಾಗ ಬಂಡೆಗಳ ಹಿಂದೆ ಆಕಾಶ ಕೆಂಪಾಗತೊಡಗಿತು, ಕ್ಯಾನಿನ ಮುಚ್ಚಳದ ಅಂಚಿನಲ್ಲಿ ಆ ಕೆಂಪು ಒಂದು ಗೆರೆಯಾಗಿ ಮೂಡಿತು, ಮತ್ತು ನಾನು ಈ ಪ್ರವಾಸದ ಮೊದಲ ಚಿತ್ರವನ್ನು ತೆಗೆದೆ. ಕ್ಯಾಮೆರಾ ಚೀಲದೊಳಗೆ ಇದ್ದಿದ್ದರೆ ಆ ಚಿತ್ರ ಸಿಗುತ್ತಿರಲಿಲ್ಲ. ಹಿಂದೆ ನನ್ನ ಬಳಿಯಿದ್ದ ದೊಡ್ಡ ಡಿಎಸ್ಎಲ್ಆರ್ ಕ್ಯಾಮೆರಾ ಇಂಥ ಗಳಿಗೆಗಳಲ್ಲೆಲ್ಲ ಚೀಲದೊಳಗೇ ಇರುತ್ತಿತ್ತು.

ಈಗಿನದು 2014ರಲ್ಲಿ ಬಂದ ಸೋನಿ ಎ6000. ಒಂದೂವರೆ ವರ್ಷದ ಹಿಂದೆ ಬೆಂಗಳೂರಿನ ಒಬ್ಬ ವಿದ್ಯಾರ್ಥಿಯಿಂದ 16–50 ಮಿ.ಮೀ. ಜೂಮ್ ಲೆನ್ಸ್ ಸಹಿತ 22,000 ರೂಪಾಯಿಗೆ ಕೊಂಡೆ. ಕೊಳ್ಳುವ ದಿನ ಅವನ ಮನೆಯ ಬಿಳಿ ಗೋಡೆಯನ್ನು ಎಫ್/16ರಲ್ಲಿ, ಅಂದರೆ ಲೆನ್ಸಿನ ಬೆಳಕಿನ ಕಿಂಡಿಯನ್ನು ಬಹಳ ಕಿರಿದಾಗಿಸಿ, ತೆಗೆದು, ಚಿತ್ರವನ್ನು ಹಿಡಿಯುವ ಫಲಕವಾದ ಸೆನ್ಸರ್ ಮೇಲೆ ಕಲೆಗಳಿವೆಯೇ ಎಂದು ನೋಡಿದೆ, ಲೆನ್ಸಿನೊಳಗೆ ಟಾರ್ಚ್ ಬಿಟ್ಟು ಫಂಗಸ್ಸಿನ ಎಳೆಗಳಿಗಾಗಿ ಹುಡುಕಿದೆ, ಬ್ಯಾಟರಿ ಉಬ್ಬಿಲ್ಲವೆಂದು ಖಚಿತಪಡಿಸಿಕೊಂಡೆ. ಹಿಡಿಕೆಯ ರಬ್ಬರ್ ಸವೆದಿತ್ತು, ಒಂದು ಮೂಲೆಯ ಬಣ್ಣ ಹೋಗಿತ್ತು. ಚಿತ್ರದ ಮೇಲೆ ಅವುಗಳ ಪರಿಣಾಮವೇನೂ ಇಲ್ಲ, ಬೆಲೆಯ ಮೇಲೆ ಮಾತ್ರ ಇದೆ. ಬ್ಯಾಟರಿ, ಕಾರ್ಡುಗಳೂ ಸೇರಿ ಬಾಡಿಯ ತೂಕ 344 ಗ್ರಾಂ, ಸೆನ್ಸರ್ 24 ಮೆಗಾಪಿಕ್ಸೆಲ್. ಮನೆಯ ಗೋಡೆಗೆ ತೂಗುಹಾಕುವ ದೊಡ್ಡ ಪ್ರಿಂಟ್‌ಗೂ ಇದು ಸಾಕು. ದುಬಾರಿ ಕ್ಯಾಮೆರಾ ಯಾವಾಗಲೂ ಕಾವಲು ಬೇಡುತ್ತದೆ. ಮಳೆ ಬಂದರೆ, ಬಸ್ಸಿನಲ್ಲಿ ನೂಕುನುಗ್ಗಲಾದರೆ, ಮಕ್ಕಳು ಮುಟ್ಟಿದರೆ ಎದೆ ಝಲ್ಲೆನ್ನುತ್ತದೆ. ಈ ಕ್ಯಾಮೆರಾ ಬಂದ ಮೇಲೆ ನನಗೆ ಆ ಭಯ ಹೋಯಿತು. ತರಕಾರಿ ತರಲು ಹೋಗುವಾಗಲೂ ಅದು ನನ್ನ ಜೊತೆಗೆ ಬರುತ್ತದೆ.

ಸೋದರಮಾವ 1989ರಲ್ಲಿ ತಮ್ಮ ನಿಕಾನ್ ಇಎಂ ಕ್ಯಾಮೆರಾ ಹಿಡಿದು ಒಬ್ಬರೇ ಬಾದಾಮಿಗೆ ಬಂದಿದ್ದರು. ಅವರ ಬಳಿ ಆಗ ಇದ್ದದ್ದು 36 ಚಿತ್ರಗಳ ಒಂದೇ ಒಂದು ರೀಲು. ಆ ಕ್ಯಾಮೆರಾ ಕೆಟ್ಟು ಎಷ್ಟೋ ವರ್ಷಗಳಾಗಿವೆ, ಆದರೆ ಅದರ ಲೆನ್ಸನ್ನು, ಅಂದರೆ ಸೀರೀಸ್ ಇ 50 ಮಿ.ಮೀ. ಎಫ್/1.8ನ್ನು, ಅವರು ಬೀರುವಿನಲ್ಲಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಈ ಪ್ರವಾಸಕ್ಕೆ ಅವರನ್ನು ಕರೆದಾಗ ಅವರು ಕೇಳಿದ ಮೊದಲ ಪ್ರಶ್ನೆಯೇ, "ನನ್ನ ಲೆನ್ಸ್ ಇದಕ್ಕೆ ಕೂರುತ್ತೇನೋ?" ಎಂಬುದಾಗಿತ್ತು.

ಕೂರುತ್ತದೆ, ಮತ್ತು ಅದು ಕೂರುವ ಬಗೆ ಸೊಗಸಾಗಿದೆ. ಫಿಲ್ಮ್ ಕಾಲದ ಎಸ್ಎಲ್ಆರ್ ಕ್ಯಾಮೆರಾದಲ್ಲಿ ಲೆನ್ಸ್ ಮತ್ತು ಫಿಲ್ಮಿನ ನಡುವೆ ಏಳುತ್ತ ಬೀಳುತ್ತ ಇರುವ ಒಂದು ಕನ್ನಡಿಗೆ ಜಾಗ ಬೇಕಿತ್ತು. ಆದ್ದರಿಂದ ನಿಕಾನ್ ಲೆನ್ಸಿನ ಬುಡ ಫಿಲ್ಮಿನಿಂದ 46.5 ಮಿ.ಮೀ. ದೂರದಲ್ಲಿರುತ್ತಿತ್ತು. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಕನ್ನಡಿಯೇ ಇಲ್ಲವಾದ್ದರಿಂದ, ಸೋನಿಯ ಈ ಸರಣಿಯಲ್ಲಿ ಆ ದೂರ ಬರೀ 18 ಮಿ.ಮೀ. ಉಳಿದ 28.5 ಮಿ.ಮೀ. ಜಾಗವನ್ನು ಒಂದು ಟೊಳ್ಳು ಲೋಹದ ಬಳೆ ತುಂಬಿದರೆ ಸಾಕು, ನಲವತ್ತು ವರ್ಷದ ಹಿಂದಿನ ಲೆನ್ಸ್ ಇಂದಿನ ಸೆನ್ಸರ್ ಮೇಲೆ ನಿಚ್ಚಳವಾದ ಚಿತ್ರ ಮೂಡಿಸುತ್ತದೆ. ಆ ಬಳೆಯಲ್ಲಿ ಗಾಜೂ ಇಲ್ಲ, ತಂತಿಯೂ ಇಲ್ಲ. ಹಾಗಾಗಿ ಅಡಾಪ್ಟರ್ ಎನ್ನುವ ಈ ಬಳೆ ಅಗ್ಗ. ಮೆನುವಿನಲ್ಲಿ ಲೆನ್ಸ್ ಇಲ್ಲದಿದ್ದರೂ ಶಟರ್ ಕೆಲಸ ಮಾಡಲಿ ಎಂಬ ಆಯ್ಕೆಯನ್ನು ಒಂದು ಸಲ ಹೊಂದಿಸಿಕೊಂಡರೆ ಮುಗಿಯಿತು. ಫೋಕಸ್ಸನ್ನು ಮಾತ್ರ ಕೈಯಿಂದಲೇ ತಿರುಗಿಸಬೇಕು, ಆಗ ಎಲ್ಲಿ ಚಿತ್ರ ಸ್ಪಷ್ಟವಾಗಿದೆಯೋ ಅಲ್ಲಿನ ಅಂಚುಗಳು ಪರದೆಯ ಮೇಲೆ ಬಣ್ಣದಲ್ಲಿ ಮಿನುಗುತ್ತವೆ. ಸೆನ್ಸರ್ ಫಿಲ್ಮಿಗಿಂತ ಚಿಕ್ಕದಾದ್ದರಿಂದ 50 ಮಿ.ಮೀ. ಲೆನ್ಸ್ ಇಲ್ಲಿ 75 ಮಿ.ಮೀ.ನಷ್ಟು ಹತ್ತಿರದ ನೋಟ ಕೊಡುತ್ತದೆ. ಮುಖಗಳಿಗೆ ಮತ್ತು ಶಿಲ್ಪದ ವಿವರಗಳಿಗೆ ಇದು ಹೇಳಿ ಮಾಡಿಸಿದಂತಿದೆ.

ಮೊದಲ ದಿನವಿಡೀ ನಾವು ಗುಹೆಗಳಲ್ಲಿ ಕಳೆದೆವು. ಮೊದಲ ಗುಹೆಯ ಬಲಬದಿಯ ಹದಿನೆಂಟು ಕೈಗಳ ನಟರಾಜನ ಮುಂದೆ ಜನ ಒಬ್ಬರಾದ ಮೇಲೊಬ್ಬರು ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಅಲ್ಲಿ ಬೆಳಕು ಧಾರಾಳವಾಗಿದ್ದು ಯಾವ ಕ್ಯಾಮೆರಾಕ್ಕೂ ಕಷ್ಟವಿಲ್ಲ. ನಿಜವಾದ ಪರೀಕ್ಷೆ ಇದ್ದದ್ದು ಮೂರನೆಯ ಗುಹೆಯಲ್ಲಿ. ಚಾಲುಕ್ಯರ ಮಂಗಲೇಶ ಮಾಡಿಸಿದ ಈ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದ್ದು, ನಾಲ್ಕು ಗುಹೆಗಳ ಪೈಕಿ ಕಾಲ ಖಚಿತವಾಗಿ ಗೊತ್ತಿರುವುದು ಇದೊಂದೇ. ಮುಖಮಂಟಪದ ಒಂದು ತುದಿಯಲ್ಲಿ ಅನಂತನ ಸುರುಳಿಯ ಮೇಲೆ ಕುಳಿತ ವಿಷ್ಣು ಇದ್ದಾನೆ, ಮೇಲೆ ಚಾವಣಿಯಲ್ಲಿ ಮಾಸಿದ ಬಣ್ಣದ ಕುರುಹುಗಳಿವೆ. ಒಳಗೆ ಹೋದಂತೆಲ್ಲ ಕತ್ತಲು ಹೆಚ್ಚುತ್ತದೆ. ಟ್ರೈಪಾಡ್ ಬಳಸಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ನನ್ನ ಬಳಿ ಟ್ರೈಪಾಡೂ ಇರಲಿಲ್ಲ, ಅನುಮತಿಯೂ ಇರಲಿಲ್ಲ.

ಈ ಹಳೆಯ ಬಾಡಿಯೊಳಗೆ ಕೈನಡುಕವನ್ನು ಸರಿದೂಗಿಸುವ ವ್ಯವಸ್ಥೆ ಇಲ್ಲ, ಆದರೆ ಅದರ ಜೊತೆಗೆ ಬಂದ ಪುಟ್ಟ ಜೂಮ್ ಲೆನ್ಸಿನಲ್ಲಿ ಇದೆ. ಹದಿನಾಲ್ಕು ಶತಮಾನಗಳ ಕಂಬಗಳಿಗೆ ಬೆನ್ನು ಒರಗಿಸಲು ಮನಸ್ಸಾಗದೆ ನೆಲದ ಮೇಲೆ ಕುಳಿತು, ಮೊಣಕೈಗಳನ್ನು ಮಂಡಿಗೆ ಊರಿ, ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯನ್ನು ಹೇಳುವ ಐಎಸ್ಒವನ್ನು 3200ಕ್ಕೆ ಇಟ್ಟು, ಸೆಕೆಂಡಿನ ಹದಿನೈದನೇ ಒಂದು ಭಾಗದಷ್ಟು ಹೊತ್ತು ಶಟರ್ ತೆರೆದು, ಉಸಿರು ಹಿಡಿದು ಐದೈದು ಚಿತ್ರ ತೆಗೆದೆ. ಐದರಲ್ಲಿ ಎರಡು ಚೆನ್ನಾಗಿ ಬಂದವು. ಚಾವಣಿಗಾಗಿ ಮಡಚಿದ ಟವೆಲಿನ ಮೇಲೆ ಕ್ಯಾಮೆರಾವನ್ನು ಅಂಗಾತ ಮಲಗಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿ, ವೈಫೈ ಮೂಲಕ ಮೊಬೈಲಿನಲ್ಲಿ ನೋಟವನ್ನು ನೋಡುತ್ತ ಹೊಂದಿಸಿಕೊಂಡೆ. ಐಎಸ್ಒ 100ರಲ್ಲಿ ಅರ್ಧ ಸೆಕೆಂಡ್ ತೆರೆದಿಟ್ಟ ಆ ಚಿತ್ರದಲ್ಲಿ ಕಣ್ಣಿಗೆ ಕಾಣದಿದ್ದ ಕೆಂಪು ಮತ್ತು ಹಸಿರು ಬಣ್ಣಗಳ ತುಣುಕುಗಳು ಎದ್ದು ಬಂದಾಗ ಮಾವ ಬಗ್ಗಿ ಮೊಬೈಲನ್ನೇ ನೋಡುತ್ತ ನಿಂತುಬಿಟ್ಟರು. "ನಾನು ಬಂದಾಗ ಇದನ್ನು ತೆಗೆಯಲೇ ಇಲ್ಲ, ರೀಲು ಹಾಳಾಗುತ್ತೆ ಅಂತ ಬಿಟ್ಟಿದ್ದೆ" ಎಂದರು. ಹೆಚ್ಚು ಐಎಸ್ಒ ಇಟ್ಟ ಚಿತ್ರಗಳಲ್ಲಿ ಕಾಳುಕಾಳಾಗಿ ಕಾಣುವ ಗದ್ದಲವಿದೆ, ನಿಜ. ಬಾದಾಮಿಯ ಮರಳುಗಲ್ಲಿನ ಮೈ ಮೊದಲೇ ಹಾಗಿರುವುದರಿಂದ ನನಗೆ ಅದು ತೊಂದರೆಯೆನಿಸಲಿಲ್ಲ.

ಇಳಿಯುವಾಗ ಒಂದು ಕೋತಿ ಮಾವನ ಕೈಯಲ್ಲಿದ್ದ ಲೆನ್ಸ್ ಮುಚ್ಚಳವನ್ನು ತಿಂಡಿಯೆಂದು ತಿಳಿದು ಕಿತ್ತುಕೊಂಡು ಬಂಡೆಯ ಮೇಲಕ್ಕೆ ಹಾರಿತು. ಅದು ಮರಳಿ ಸಿಗಲಿಲ್ಲ.

ಸಂಜೆ ಅಗಸ್ತ್ಯತೀರ್ಥದ ಮೆಟ್ಟಿಲುಗಳ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಎದುರು ದಂಡೆಯ ಭೂತನಾಥ ದೇವಾಲಯದ ಚಿತ್ರವನ್ನು ಎಲ್ಲರೂ ತೆಗೆಯುತ್ತಾರೆ, ನಾನೂ ತೆಗೆದೆ. ಆದರೆ ಮನೆಗೆ ಬಂದ ಮೇಲೆ ನಾನು ಮತ್ತೆ ಮತ್ತೆ ನೋಡಿದ್ದು ಮೆಟ್ಟಿಲ ಮೇಲೆ ಹರವಿದ ಹಸಿರು ಇಳಕಲ್ ಸೀರೆಯ ಸೆರಗಿನ ಚಿತ್ರವನ್ನು. ಮಡಚುವ ಪರದೆಯನ್ನು ಮೇಲಕ್ಕೆ ತಿರುಗಿಸಿ, ಕ್ಯಾಮೆರಾವನ್ನು ಮೊಣಕಾಲಿನ ಎತ್ತರದಲ್ಲಿ ಹಿಡಿದು ತೆಗೆದದ್ದದು. ಹಾಗೆ ತಗ್ಗಿ ಹಿಡಿದಾಗ ಎದುರಿನವರಿಗೆ ಮುಖದ ಮುಂದೆ ಯಂತ್ರ ಬಂದು ನಿಂತಂತೆ ಆಗುವುದಿಲ್ಲ. ಸೀರೆಯ ಒಡತಿಯನ್ನು ಮೊದಲೇ ಕೇಳಿಕೊಂಡಿದ್ದೆ, ಕೇಳದೆ ತೆಗೆಯಬಾರದೆಂಬುದರಲ್ಲಿ ನನಗೆ ಎರಡು ಮಾತಿಲ್ಲ.

ಪಟ್ಟದಕಲ್ಲು ಬಾದಾಮಿಯಿಂದ 22 ಕಿಲೋಮೀಟರ್. ಬಸ್ಸು ಇಳಿದು ಒಳಗೆ ಹೋದರೆ ಸಾಲಾಗಿ ದೇವಾಲಯಗಳು. 1987ರಿಂದ ಇದು ವಿಶ್ವಪರಂಪರೆಯ ತಾಣ. ಎರಡನೆಯ ವಿಕ್ರಮಾದಿತ್ಯನ ಕಂಚಿಯ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಅಲ್ಲಿ ಬ್ಯಾಟರಿ ಕೈಕೊಟ್ಟಿತು. ಹೊಸದಾಗಿದ್ದಾಗ ಒಂದು ಚಾರ್ಜಿಗೆ ಮುನ್ನೂರಕ್ಕೂ ಹೆಚ್ಚು ಚಿತ್ರಗಳಿಗೆ ಬರುವ ಬ್ಯಾಟರಿ, ಹತ್ತು ವರ್ಷದ ಬಳಕೆಯ ನಂತರ ನನ್ನ ಲೆಕ್ಕದಲ್ಲಿ 150 ದಾಟುವುದಿಲ್ಲ. ಪುಣ್ಯಕ್ಕೆ ಈ ಕ್ಯಾಮೆರಾವನ್ನು ಮೊಬೈಲಿನಂತೆಯೇ ಪವರ್ ಬ್ಯಾಂಕಿನಿಂದ ಚಾರ್ಜ್ ಮಾಡಬಹುದು. ಆದರೆ ಅಷ್ಟು ಹೊತ್ತೂ ಅದನ್ನು ಆರಿಸಿಡಬೇಕು. ಮಲಪ್ರಭೆಯ ದಂಡೆಯ ಮೇಲೆ ಒಂದು ಗಂಟೆ ಸುಮ್ಮನೆ ಕುಳಿತೆವು. ಮರುದಿನ ಎರಡನೆಯ ಬ್ಯಾಟರಿಯನ್ನೂ ಜೇಬಿನಲ್ಲಿಟ್ಟುಕೊಂಡೆ.

ಐಹೊಳೆಯಲ್ಲಿ ನಾನು ಮಾಡಿದ ತಪ್ಪಿನ ಫಲ ಆ ದಿನದ ಅರ್ಧದಷ್ಟು ಚಿತ್ರಗಳಲ್ಲಿ ಕಾಣುತ್ತದೆ. ಮೇಗುತಿ ಬೆಟ್ಟದ ಮೇಲಿನ ಜಿನಾಲಯದ ಪೂರ್ವದ ಹೊರಗೋಡೆಯಲ್ಲಿ ರವಿಕೀರ್ತಿಯ ಶಾಸನವಿದೆ. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದನ್ನು ಹೇಳುವ, ಕಾಳಿದಾಸ ಮತ್ತು ಭಾರವಿಯರ ಹೆಸರನ್ನು ಎತ್ತುವ, ಕ್ರಿ.ಶ. 634ರ ಸಂಸ್ಕೃತ ಶಾಸನ, ಲಿಪಿ ಹಳಗನ್ನಡದ್ದು. ಕಲ್ಲಿನ ಅಕ್ಷರ ಎದುರು ಬೆಳಕಿನಲ್ಲಿ ಮಾಯವಾಗುತ್ತದೆ, ಓರೆ ಬೆಳಕಿನಲ್ಲಿ ಎದ್ದು ನಿಲ್ಲುತ್ತದೆ. ಪೂರ್ವದ ಗೋಡೆಗೆ ಬೆಳಗಿನ ಬಿಸಿಲು ನೇರವಾಗಿ ಬೀಳುವುದರಿಂದ, ಸೂರ್ಯ ನೆತ್ತಿಯ ಕಡೆಗೆ ಸರಿದು ಬಿಸಿಲು ಗೋಡೆಯನ್ನು ಸವರುವಂತೆ ಇಳಿಯುವವರೆಗೆ ಕಾಯಬೇಕಾಯಿತು. ಹನ್ನೊಂದೂವರೆಯ ಹೊತ್ತಿಗೆ ಪ್ರತಿ ಅಕ್ಷರದ ಮೇಲಂಚಿನಿಂದ ಒಂದು ಸಣ್ಣ ನೆರಳು ಇಳಿಯಿತು. ಆ ಅವಸರದಲ್ಲಿ ಬೆಟ್ಟದ ಮೇಲಿನ ಬಿರುಗಾಳಿಯಲ್ಲೇ ಜೂಮ್ ಲೆನ್ಸ್ ತೆಗೆದು ಮಾವನ ಲೆನ್ಸ್ ಹಾಕಿದೆ. ಮಿರರ್‌ಲೆಸ್ ಕ್ಯಾಮೆರಾದ ಲೆನ್ಸ್ ತೆಗೆದೊಡನೆ ಸೆನ್ಸರ್ ಬಯಲಿಗೆ ತೆರೆದುಕೊಳ್ಳುತ್ತದೆ. ತಡೆಯಲು ಮುಂದೆ ಕನ್ನಡಿಯೂ ಇಲ್ಲ, ಈ ಕ್ಯಾಮೆರಾದಲ್ಲಿ ಶಟರ್ ಪರದೆ ಕೂಡ ತೆರೆದೇ ಇರುತ್ತದೆ. ಬಾಡಿಯನ್ನು ಆರಿಸಿ, ಬಾಯಿ ಕೆಳಗೆ ಮಾಡಿ, ಗಾಳಿಗೆ ಬೆನ್ನು ತಿರುಗಿಸಿ ಬದಲಾಯಿಸಬೇಕಿತ್ತು. ಶಾಸನದ ಚಿತ್ರ ನಾನು ಈವರೆಗೆ ತೆಗೆದವುಗಳಲ್ಲೇ ಅತ್ಯಂತ ಸ್ಫುಟವಾಗಿದೆ. ಅದಾದ ಮೇಲೆ ತೆಗೆದ ಪ್ರತಿಯೊಂದು ಆಕಾಶದಲ್ಲೂ ಬಲಮೇಲಿನ ಮೂಲೆಯಲ್ಲಿ ಒಂದು ಬೂದು ಚುಕ್ಕೆ ಕುಳಿತಿದೆ. ಬೆಂಗಳೂರಿಗೆ ಬಂದು ರಬ್ಬರ್ ಬುರುಡೆಯಿಂದ ಗಾಳಿ ಊದಿದಾಗ ಅದು ಹೋಯಿತು.

ಕೊನೆಯ ದಿನ ಬನಶಂಕರಿಗೆ ಹೋದೆವು. ದೇವಸ್ಥಾನದ ಹೊರಗೆ ಹೊಂಡದ ಬಳಿ ಬುಟ್ಟಿಗಳಲ್ಲಿ ರೊಟ್ಟಿ ಊಟ ತಂದು ಮಾರುವ ಹೆಂಗಸರು ಕುಳಿತಿರುತ್ತಾರೆ. ಒಬ್ಬ ಹಿರಿಯ ಹೆಂಗಸಿನ ಮುಂದೆ ನಾವು ಕುಳಿತೆವು. ಅವರು ಬಿಳಿ ಬಟ್ಟೆಯ ಗಂಟು ಬಿಚ್ಚಿ ಎರಡು ಜೋಳದ ರೊಟ್ಟಿ ತೆಗೆದರು, ಮೇಲೆ ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇಟ್ಟು, ಮಣ್ಣಿನ ಗಡಿಗೆಯಿಂದ ಮೊಸರು ಬಡಿಸಿದರು. ಬೆರಳುಗಳ ಸಂದಿಯಲ್ಲಿ ಜೋಳದ ಹಿಟ್ಟು ಇನ್ನೂ ಅಂಟಿತ್ತು, ಹಸಿರು ಬಳೆಗಳ ನಡುವೆ ಒಂದು ಬಳೆ ಮಾತ್ರ ಕೆಂಪಾಗಿತ್ತು.

"ಅಮ್ಮಾ, ನಿಮ್ಮ ಕೈಯ ಒಂದು ಫೋಟೋ ತೆಗೆಯಲೇ?" ಎಂದು ಕೇಳಿದೆ.

"ತಗೀರಿ, ಅದಕ್ಕೇನಂತ. ಮೊದಲ ಊಟ ಮಾಡ್ರಿ," ಎಂದರು. ಮಾವನ ಲೆನ್ಸ್ ಕಡೆ ನೋಡಿ, "ಇದು ರೀಲಿನ ಕ್ಯಾಮೆರಾ ಏನ್ರಿ? ನಮ್ಮ ಲಗ್ನದಾಗ ಇಂಥದ್ದ ಇತ್ತು," ಎಂದರು.

ಊಟ ಮುಗಿದ ಮೇಲೆ ಕ್ಯಾಮೆರಾವನ್ನು ಮಾವನ ಕೈಗೆ ಕೊಟ್ಟೆ. ಅವರು ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಉಂಗುರವನ್ನು ಎಫ್/2.8ಕ್ಕೆ ತಿರುಗಿಸಿ ಟಿಕ್ ಎಂಬ ಸದ್ದಿಗೆ ತಲೆಯಾಡಿಸಿದರು, ಬಹಳ ಹೊತ್ತು ಫೋಕಸ್ ಹೊಂದಿಸಿದರು, ಆ ಹೆಂಗಸು ಮತ್ತೊಬ್ಬರಿಗೆ ರೊಟ್ಟಿ ತೆಗೆಯಲು ಬುಟ್ಟಿಗೆ ಕೈ ಹಾಕಿದ ಗಳಿಗೆಯಲ್ಲಿ ಒಂದೇ ಒಂದು ಸಲ ಒತ್ತಿದರು. ಇನ್ನೊಂದು ತೆಗೆಯಿರಿ ಎಂದರೂ ತೆಗೆಯಲಿಲ್ಲ. ಪರದೆಯಲ್ಲಿ ನೋಡಿದ ಆ ತಾಯಿ, "ನನ್ನ ಮಗನ ಫೋನಿಗೆ ಹಾಕ್ರಿ," ಎಂದು ನಂಬರ್ ಹೇಳಿದರು. ಅಲ್ಲೇ ಕುಳಿತು ವೈಫೈ ಮೂಲಕ ಮೊಬೈಲಿಗೆ ಇಳಿಸಿಕೊಂಡು ಕಳಿಸಿದೆ.

ಊರಿಗೆ ಮರಳಿದ ಎರಡನೆಯ ವಾರ ಅದರ ದೊಡ್ಡ ಪ್ರಿಂಟ್ ಮಾಡಿಸಿ ಅಂಚೆಯಲ್ಲಿ ಹಾಕಿದೆ. ತಲುಪಿದ ದಿನ ಅವರ ಮಗ ಫೋನ್ ಮಾಡಿ ತಾಯಿಯ ಕೈಗೆ ಕೊಟ್ಟರು. "ಫೋಟೋ ಚಲೋ ಬಂದೈತ್ರಿ," ಎಂದರು ಅವರು. "ಆದ್ರ ಮೊಸರಿನ ಗಡಿಗಿ ಬಂದಿಲ್ಲ ನೋಡ್ರಿ. ಆ ಹಿರ್‍ಯಾರಿಗೆ ಹೇಳ್ರಿ, ಜಾತ್ರಿಗೆ ಬಂದಾಗ ಅದನ್ನೂ ತಗೀಬೇಕಂತ."

ಮಾವನಿಗೆ ಹೇಳಿದೆ. ಬನಶಂಕರಿ ಜಾತ್ರೆ ಯಾವ ದಿನ ಬಂದಿದೆ ಎಂದು ಅವರು ಆಗಲೇ ಕ್ಯಾಲೆಂಡರ್ ತಿರುವುತ್ತಿದ್ದರು.