ಚುಕ್ಕಿ ಮಂಚದ ಕೆಳಗಿದ್ದ ದಿನಗಳು

ಪ್ರಾಣಿಗಳ ಶೆಲ್ಟರ್‌ನಲ್ಲಿ ನಮ್ಮ ಬೆಕ್ಕು ಚುಕ್ಕಿಯನ್ನು ನೋಡಿಕೊಳ್ಳುತ್ತಿದ್ದವರು ಅವಳನ್ನು ನಮಗೆ ಒಪ್ಪಿಸುವಾಗ ಒಂದು ಹಳೇ ಟವೆಲ್ಲನ್ನೂ ಕೊಟ್ಟರು. ಅವಳು ಮಲಗುತ್ತಿದ್ದ ಟವೆಲ್ಲು ಅದು. "ಇದನ್ನ ಒಗೀಬೇಡಿ. ಮತ್ತೆ, ಅವಳಾಗಿ ಬರೋವರೆಗೂ ಎತ್ತಿಕೊಳ್ಳೋಕೆ ಹೋಗಬೇಡಿ" ಅಂದರು. ಚುಕ್ಕಿಗೆ ಆಗ ಸುಮಾರು ಮೂರು ವರ್ಷ. ಬೀದಿಯಲ್ಲಿ ಹುಟ್ಟಿ, ಬೀದಿಯಲ್ಲೇ ಬೆಳೆದು, ಗಾಯವಾದಾಗ ಶೆಲ್ಟರ್ ಸೇರಿದವಳು. ಬೆಕ್ಕಿನ ಮರಿಗಳು ಹುಟ್ಟಿದ ಎರಡನೇ ವಾರದಿಂದ ಏಳನೇ ವಾರದೊಳಗೆ ಮನುಷ್ಯರ ಕೈಗೆ ಒಗ್ಗಿದರೆ ಮುಂದೆ ಸಲೀಸು. ಆ ವಾರಗಳಲ್ಲಿ ಅವಳ ಹತ್ತಿರ ಯಾರೂ ಇದ್ದಿರಲಿಕ್ಕಿಲ್ಲ.

ಮನೆಯಲ್ಲಿ ಚಿಕ್ಕ ಕೋಣೆಯೊಂದನ್ನು ಅವಳಿಗೆಂದೇ ಬಿಟ್ಟೆವು. ಹೆದರಿದ ಬೆಕ್ಕಿಗೆ ಇಡೀ ಮನೆಯನ್ನು ಒಮ್ಮೆಗೇ ತೆರೆದಿಟ್ಟರೆ ಅದು ಉಪಕಾರವಲ್ಲ. ಎಲ್ಲಿಂದ ಏನು ಬರುತ್ತದೋ ಎಂದು ಕಾಯಬೇಕಾದ ಜಾಗ ಅಷ್ಟೂ ಜಾಸ್ತಿಯಾಗುತ್ತದೆ. ಒಂದು ಮೂಲೆಯಲ್ಲಿ ಅವಳ ಕಕ್ಕಸಿಗೆ ಲಿಟರ್, ಅಂದರೆ ಮರಳಿನಂಥ ಪುಡಿ, ತುಂಬಿದ ಟ್ರೇ, ಅದರಿಂದ ದೂರದ ಮೂಲೆಯಲ್ಲಿ ಊಟ, ಸ್ವಲ್ಪ ಆಚೆ ನೀರು. ಟ್ರೇಗೆ ಶೆಲ್ಟರ್‌ನಲ್ಲಿ ಬಳಸುತ್ತಿದ್ದ ಲಿಟರ್ರನ್ನೇ ಹಾಕಿದೆವು, ಊಟವೂ ಅಲ್ಲಿಯದೇ. ಬೀರುವಿನ ಹಿಂದಿನ ಸಂದಿಯನ್ನು ಮುಚ್ಚಿದೆವು, ಅಲ್ಲಿ ಸಿಕ್ಕಿಕೊಂಡರೆ ತೆಗೆಯುವುದೇ ಕಷ್ಟ. ಬದಲಿಗೆ ರಟ್ಟಿನ ಪೆಟ್ಟಿಗೆಯೊಂದಕ್ಕೆ ಬಾಗಿಲು ಕತ್ತರಿಸಿ, ಒಳಗೆ ಆ ಟವೆಲ್ಲು ಹಾಸಿಟ್ಟೆವು.

ಬೆಕ್ಕಿಗೆ ಮನೆ ಅಂದರೆ ಮೊದಲು ವಾಸನೆ. ಕೆನ್ನೆ, ಹಣೆ, ಪಾದಗಳಲ್ಲಿರುವ ಗ್ರಂಥಿಗಳಿಂದ ಅದು ತನ್ನ ವಾಸನೆಯನ್ನು ಕುರ್ಚಿಗೂ ಗೋಡೆಗೂ ಹಚ್ಚುತ್ತದೆ. ಹಾಗೆ ಹಚ್ಚಿದ ಜಾಗ ಮಾತ್ರ ಅದರದ್ದು. ನಮ್ಮ ಮನೆಯಲ್ಲಿ ಚುಕ್ಕಿಯದ್ದು ಅಂತ ಇದ್ದದ್ದು ಆ ಕೊಳೆ ಟವೆಲ್ಲು ಒಂದೇ.

ಅವಳನ್ನು ಕರೆತಂದಿದ್ದ ಬುಟ್ಟಿಯ, ಅಂದರೆ ಕ್ಯಾರಿಯರ್‌ನ, ಬಾಗಿಲು ತೆರೆದು ನಾನು ಹಿಂದೆ ಸರಿದೆ. ತುಂಬಾ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹೊಟ್ಟೆ ನೆಲಕ್ಕೆ ತಾಗುವಷ್ಟು ಕುಗ್ಗಿ, ಪೆಟ್ಟಿಗೆಯನ್ನು ದಾಟಿ, ಸೀದಾ ಮಂಚದ ಕೆಳಗೆ ಹೋಗಿ ಗೋಡೆಗೆ ಅಂಟಿಕೊಂಡಳು. ಟಾರ್ಚ್ ಬಿಟ್ಟು ನೋಡಬೇಕೆಂದು ನನ್ನ ಮಗಳಿಗೆ ಆಸೆ. ಬೇಡ ಎಂದೆ. ಕಿವಿ ಮಡಚಿ, ಕಣ್ಣಿನ ಪಾಪೆ ಪೂರ್ತಿ ಹಿಗ್ಗಿಸಿಕೊಂಡು ಕೂತವಳಿಗೆ ಬೆಳಕು ಬಿಡುವುದು ಸರಿಯಲ್ಲ. ಪೆಟ್ಟಿಗೆಯನ್ನು ಮೆಲ್ಲಗೆ ಮಂಚದ ಅಂಚಿಗೆ ತಳ್ಳಿಟ್ಟು ಹೊರಗೆ ಬಂದೆವು. ರಾತ್ರಿಯೆಲ್ಲೋ ಅವಳು ಅದರೊಳಗೆ ಸೇರಿಕೊಂಡಿದ್ದಳು.

ಅಡಗಿ ಕೂರುವುದನ್ನು ಕೆಲವರು ಕೆಟ್ಟ ಚಾಳಿ ಅಂದುಕೊಳ್ಳುತ್ತಾರೆ, ಎಳೆದು ತಂದು ತೊಡೆ ಮೇಲೆ ಕೂರಿಸಿಕೊಂಡರೆ ಸರಿಹೋಗುತ್ತದೆ ಎನ್ನುತ್ತಾರೆ. ನನಗೆ ಇದು ಸ್ವಲ್ಪವೂ ಒಪ್ಪಿಗೆಯಿಲ್ಲ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರ ಒಂದು ಸಣ್ಣ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಶೆಲ್ಟರ್‌ಗೆ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಕೆಲವಕ್ಕೆ ಅಡಗಲು ಪೆಟ್ಟಿಗೆ ಕೊಟ್ಟರು, ಕೆಲವಕ್ಕೆ ಕೊಡಲಿಲ್ಲ. ಪೆಟ್ಟಿಗೆ ಸಿಕ್ಕ ಬೆಕ್ಕುಗಳು ಬೇಗ ಸಮಾಧಾನಕ್ಕೆ ಬಂದವು. ಅಡಗಲು ಜಾಗ ಇದೆ ಎಂಬ ಧೈರ್ಯವೇ ಹೊರಗೆ ಬರಲು ಧೈರ್ಯ ಕೊಡುತ್ತದೆ, ಅಲ್ವಾ?

ನನ್ನನ್ನು ನಿಜವಾಗಿ ಕಂಗೆಡಿಸಿದ್ದು ಊಟದ ವಿಷಯ. ಬಂದ ದಿನ ಬಟ್ಟಲು ಹಾಗೇ ಇತ್ತು. ಹೊಸ ಜಾಗ, ಇರಲಿ ಅಂದುಕೊಂಡೆ. ಮರುದಿನವೂ ಹಾಗೇ ಇತ್ತು. ಬೆಕ್ಕುಗಳು ದಿನಗಟ್ಟಲೆ ಉಪವಾಸ ತಡೆಯುವ ಪ್ರಾಣಿಗಳಲ್ಲ. ತಿನ್ನುವುದು ನಿಂತರೆ ದೇಹದ ಕೊಬ್ಬು ಕರಗಿ ಲಿವರ್‌ನಲ್ಲಿ ತುಂಬಿಕೊಳ್ಳತೊಡಗುತ್ತದೆ, ಲಿವರ್‌ಗೆ ಅಷ್ಟನ್ನು ಅರಗಿಸಲಾಗುವುದಿಲ್ಲ. ಎರಡು ಮೂರು ದಿನದ ಉಪವಾಸವೇ ಅಪಾಯ ತರಬಹುದು, ದಪ್ಪಗಿರುವ ಬೆಕ್ಕಿಗಂತೂ ಇನ್ನೂ ಜಾಸ್ತಿ. ಚುಕ್ಕಿ ಶೆಲ್ಟರ್‌ನಲ್ಲಿ ಚೆನ್ನಾಗಿ ತಿಂದು ದುಂಡಗಾಗಿದ್ದಳು.

ಸಂಜೆ ಡಾಕ್ಟರಿಗೆ ಫೋನ್ ಮಾಡಿದೆ. ಬಾಯಿ ತೆರೆದು ಉಸಿರಾಡುತ್ತಿದ್ದಾಳಾ, ವಾಂತಿ ಆಗಿದೆಯಾ, ಟ್ರೇ ಒದ್ದೆಯಾಗಿದೆಯಾ ಎಂದೆಲ್ಲ ಕೇಳಿದರು. ಆಮೇಲೆ, "ಊಟವನ್ನ ಸ್ವಲ್ಪ ಬೆಚ್ಚಗೆ ಮಾಡಿ ಇಡಿ, ವಾಸನೆ ಏಳಬೇಕು. ಪೆಟ್ಟಿಗೆ ಹತ್ತಿರಾನೇ ಇಡಿ. ಇಟ್ಟು ನೀವು ಅಲ್ಲಿಂದ ಹೊರಟುಬಿಡಿ. ಬೆಳಿಗ್ಗೆವರೆಗೂ ಏನೂ ಮುಟ್ಟದಿದ್ದರೆ ಕಾಯಬೇಡಿ, ಕರಕೊಂಡು ಬನ್ನಿ" ಅಂದರು.

ಹಾಗೇ ಮಾಡಿದೆ. ದೀಪ ಆರಿಸಿ ಬಾಗಿಲು ಹಾಕಿಕೊಂಡು ಬಂದೆ. ನಿದ್ದೆ ಸರಿಯಾಗಿ ಬರಲಿಲ್ಲ. ನಡುವೆ ಎದ್ದು ಹೋಗಿ ನೋಡಬೇಕೆಂದು ಎಷ್ಟು ಸಲ ಅನ್ನಿಸಿತೋ! ನಾನು ಹೋದರೆ ಅವಳು ಹೊರಗೆ ಬಂದಿದ್ದರೂ ವಾಪಸ್ ಓಡುತ್ತಾಳೆ ಎಂದು ತಡೆದುಕೊಂಡೆ. ಬೆಳಗಾಗುತ್ತಿದ್ದ ಹಾಗೆ ಬಾಗಿಲು ತೆರೆದರೆ ಬಟ್ಟಲು ಅರ್ಧ ಖಾಲಿ. ಟ್ರೇಯಲ್ಲಿ ಲಿಟರ್ ಕೆದಕಿದ ಗುರುತು, ಒಂದು ಒದ್ದೆ ಗಡ್ಡೆ. ಅದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು. ಮಗಳನ್ನು ಎಬ್ಬಿಸಿ ಹೇಳಿದೆ. "ಚುಕ್ಕಿ ಉಚ್ಚೆ ಮಾಡಿದ್ಲು!" ಅಂತ ಅವಳು ಮನೆಯವರಿಗೆಲ್ಲ ಸಾರಿದಳು.

ಆಮೇಲಿನ ದಿನಗಳಲ್ಲಿ ನಮ್ಮ ಕೆಲಸ ಸುಮ್ನೆ ಕೂರುವುದು. ನೆಲದ ಮೇಲೆ, ಅವಳಿಗೆ ಎದುರಾಗಿ ಅಲ್ಲ, ಸ್ವಲ್ಪ ಪಕ್ಕಕ್ಕೆ ತಿರುಗಿ. ಮಗಳು ತನ್ನ ಪಾಠಗಳನ್ನು ಅಲ್ಲೇ ಕೂತು ಮೆಲುದನಿಯಲ್ಲಿ ಓದುತ್ತಿದ್ದಳು. ಒಂದು ಸಂಜೆ ಪುಸ್ತಕ ಮುಚ್ಚಿಟ್ಟು, "ಅಮ್ಮಾ, ಅವಳಿಗೆ ನಾವು ಇಷ್ಟ ಇಲ್ವಾ?" ಅಂತ ಕೇಳಿದಳು. "ನಾವು ಯಾರು ಅಂತ ಅವಳಿಗೆ ಇನ್ನೂ ಗೊತ್ತಿಲ್ಲ ಪುಟ್ಟಾ" ಎಂದೆ.

ಬೆಕ್ಕನ್ನು ನೋಡುತ್ತಾ ಕಣ್ಣನ್ನು ನಿಧಾನವಾಗಿ ಕಿರಿದು ಮಾಡಿ, ಮುಚ್ಚಿ, ತೆರೆಯುವುದನ್ನು ಮಗಳಿಗೆ ಹೇಳಿಕೊಟ್ಟೆ. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಹಾಗೆ ಮಾಡಿದಾಗ ಬೆಕ್ಕುಗಳೂ ಕಣ್ಣು ಕಿರಿದು ಮಾಡುವುದು, ಅಪರಿಚಿತರ ಕೈ ಹತ್ತಿರ ಬರುವುದು ಹೆಚ್ಚು ಎಂದು ಅವರು ಕಂಡರು. ಇದು ಮಂತ್ರವೇನಲ್ಲ. ಆದರೆ ಮುಟ್ಟಲು ಕೈ ತುರಿಸುತ್ತಿರುವ ಮಗುವಿಗೆ ಮುಟ್ಟದೆಯೇ ಮಾಡಬಹುದಾದ ಕೆಲಸವೊಂದು ಸಿಕ್ಕಿತು. ಪೆಟ್ಟಿಗೆಯೊಳಗಿಂದ ಚುಕ್ಕಿ ಮೊದಲ ಸಲ ಕಣ್ಣು ಮುಚ್ಚಿ ತೆರೆದ ದಿನ ಮಗಳು ಕುಣಿಯಲಿಲ್ಲ, ಕೂಗಲಿಲ್ಲ. ಅಷ್ಟು ಹೊತ್ತಿಗೆ ಅವಳಿಗೂ ಬೆಕ್ಕಿನ ಜೊತೆ ಇರುವುದು ಹೇಗೆಂದು ತಿಳಿದಿತ್ತು.

ಬೆಕ್ಕು ನೋಡಬೇಕೆಂದು ನೆಂಟರು ಬಂದಾಗ ಇಲ್ಲ ಎಂದುಬಿಟ್ಟೆ. ಅವರಿಗೆ ಬೇಸರವಾಯಿತು. ಆಗಲಿ. ಹೊಸ ಮುಖಗಳಿಗೆ ಮುಂದೆ ಬೇಕಾದಷ್ಟು ಸಮಯವಿದೆ.

ಮೊದಲ ಸ್ಪರ್ಶ ಆಗಿದ್ದು ಊಟದ ಹೊತ್ತಿಗೆ. ಬಟ್ಟಲಿಟ್ಟು ಕೂತಿದ್ದೆ, ಅವಳು ಹೊರಗೆ ಬಂದು ತಿಂದಳು. ನಾನು ಒಂದು ಬೆರಳನ್ನು ಅವಳ ಮೂಗಿನ ಮಟ್ಟಕ್ಕೆ, ಸ್ವಲ್ಪ ದೂರದಲ್ಲಿ ಚಾಚಿ ನಿಲ್ಲಿಸಿದೆ. ತೀರಾ ಹತ್ತಿರದ ವಸ್ತು ಬೆಕ್ಕಿನ ಕಣ್ಣಿಗೆ ಮಸುಕು. ಅಲ್ಲಿ ಅದು ನಂಬುವುದು ಮೂಗು ಮತ್ತು ಮೀಸೆಯನ್ನು. ತಲೆಯ ಮೇಲಿಂದ ಇಳಿಯುವ ಕೈ ಅದಕ್ಕೆ ದಾಳಿಯಂತೆಯೇ ಕಾಣುತ್ತದೆ. ಚುಕ್ಕಿ ಕತ್ತು ಉದ್ದ ಮಾಡಿ ಮೂಸಿದಳು, ಹಿಂದೆ ಹೋದಳು, ಮತ್ತೆ ಬಂದು ಕೆನ್ನೆಯನ್ನು ಬೆರಳಿಗೆ ಉಜ್ಜಿದಳು. ಗದ್ದದ ಕೆಳಗೆ ಎರಡು ಸಲ ಕೆರೆದು ನಾನೇ ಕೈ ನಿಲ್ಲಿಸಿದೆ. ಬೇಕಾದರೆ ಅವಳೇ ಕೇಳಲಿ ಎಂದು. ಕೇಳಿದಳು.

ಕೋಣೆಯ ಬಾಗಿಲು ತೆರೆದಿಟ್ಟ ಮೇಲೆ ಅವಳು ಹೊರಗೆ ಬಂದಿದ್ದು ಮನೆ ಮಲಗಿದ ಹೊತ್ತಿನಲ್ಲೇ. ಕುರ್ಚಿ ಕಾಲುಗಳಿಗೂ ಸೋಫಾದ ಮೂಲೆಗೂ ಕೆನ್ನೆ ಉಜ್ಜುತ್ತಾ ತನ್ನ ಜಾಗ ಮಾಡಿಕೊಂಡಳು. ಒಮ್ಮೆ ಅಡುಗೆಮನೆಯಲ್ಲಿ ಪಾತ್ರೆ ಬಿದ್ದು ಮತ್ತೆ ಮಂಚದ ಕೆಳಗೆ ಸೇರಿ ಇಡೀ ದಿನ ಬರಲಿಲ್ಲ. ನಾವು ಎಬ್ಬಿಸಲಿಲ್ಲ. ತೀರಾ ಕೀಚಲು ಸದ್ದುಗಳಲ್ಲಿ ಮನುಷ್ಯರ ಕಿವಿ ನಿಲ್ಲುವುದು 20 ಕಿಲೋಹರ್ಟ್ಸ್‌ಗೆ, ಬೆಕ್ಕಿನ ಕಿವಿ 60 ಕಿಲೋಹರ್ಟ್ಸ್ ದಾಟಿ ಕೇಳುತ್ತದೆ. ನಮಗೆ ಬರೀ ಸದ್ದಾದದ್ದು ಅವಳಿಗೆ ಏನಾಗಿ ಕೇಳಿರಬೇಕು!

ಚುಕ್ಕಿ ಈಗಲೂ ತೊಡೆ ಹತ್ತುವ ಬೆಕ್ಕಲ್ಲ. ಸೋಫಾದ ಇನ್ನೊಂದು ತುದಿಯಲ್ಲಿ ಮಲಗುತ್ತಾಳೆ, ಕಾಲಿಂಗ್ ಬೆಲ್ ಆದರೆ ಪೆಟ್ಟಿಗೆಗೆ ಓಡುತ್ತಾಳೆ. ಅದು ನನಗೆ ಸಾಕು. ಸದ್ಯ ಅವಳ ಲಸಿಕೆಗೆ ತಯಾರಿ ನಡೆದಿದೆ. ಕ್ಯಾರಿಯರ್ರನ್ನು ನಡುಮನೆಯಲ್ಲೇ ತೆರೆದಿಟ್ಟು ದಿನದ ಒಂದು ಊಟವನ್ನು ಅದರೊಳಗೆ ಕೊಡುತ್ತಿದ್ದೇವೆ. ಮೊದಲು ಮುಂಗಾಲು ಮಾತ್ರ ಒಳಗಿಟ್ಟು ತಿನ್ನುತ್ತಿದ್ದಳು, ಈಗ ಪೂರ್ತಿ ಒಳಗೆ ಹೋಗುತ್ತಾಳೆ. ಮಗಳು ಬಾಗಿಲನ್ನು ಒಂದು ಕ್ಷಣ ಮುಚ್ಚಿ, ಅವಳು ತಲೆ ಎತ್ತುವ ಮೊದಲೇ ತೆಗೆಯುವುದನ್ನು ಅಭ್ಯಾಸ ಮಾಡಿಸುತ್ತಿದ್ದಾಳೆ.