ಚಾಟ್ನಿಯ (ಬಳ್ಳಿ ಸವರಿದ) ತಾರೀಖು ಕೇಳದೆ ಶೆಡ್ ಬುಕಿಂಗ್ ಬೇಡ

ವಿಜಯಪುರ ಜಿಲ್ಲೆಯ ತಿಕೋಟಾ ಭಾಗದಲ್ಲಿ ಮಣೂಕ, ಅಂದರೆ ಒಣದ್ರಾಕ್ಷಿ ಮಾಡುವ ಶೆಡ್ಡೊಂದರಲ್ಲಿ ಮೇಲ್ವಿಚಾರಕನಾಗಿರುವ ನನಗೆ ಮಾರ್ಚ್ ಕೊನೆಯಲ್ಲಿ ಸುರಿದ ಅಕಾಲಿಕ ಮಳೆಯೊಂದನ್ನು ಮರೆಯಲು ಇಂದಿಗೂ ಆಗಿಲ್ಲ. ಅಂದು ಬೆಳಗಿನಿಂದಲೇ ಥಾಮ್ಸನ್ ತಳಿಯ ದ್ರಾಕ್ಷಿ ಹಣ್ಣಿನ ಕ್ರೇಟುಗಳು ಬರುತ್ತಿದ್ದವು. ಹಣ್ಣಿನ ಸಿಹಿ ಅಳೆಯುವ ಬ್ರಿಕ್ಸ್ 22 ದಾಟಿತ್ತು, ಬಿಸಿಲೂ ಚೆನ್ನಾಗಿತ್ತು. ಮೊಬೈಲಿನ ಮುನ್ಸೂಚನೆ ಇಡೀ ತಾಲ್ಲೂಕಿಗೆ ‘ಭಾಗಶಃ ಮೋಡ’ ಎಂದಷ್ಟೇ ತೋರಿಸುತ್ತಿತ್ತು. ಸುಗ್ಗಿಯಲ್ಲಿ ಒಂದು ರ‍್ಯಾಕ್ ಕೂಡ ಖಾಲಿ ಇರಬಾರದೆಂಬುದು ಮಾಲೀಕರ ಒತ್ತಾಯವಾದರೆ, ಬಂದ ಮಾಲನ್ನೆಲ್ಲ ಸಂಜೆಯೊಳಗೆ ಅದ್ದಿ ಹರವಿಬಿಡಬೇಕೆಂಬುದು ನನ್ನ ತೀರ್ಮಾನವಾಗಿತ್ತು.

ನಾಲ್ಕು ಗಂಟೆಯ ಸುಮಾರಿಗೆ ಡಿಪ್ಪಿಂಗ್ ತೊಟ್ಟಿಯ ಬಳಿಯಿದ್ದ ಹಿರಿಯ ಹೆಣ್ಣುಮಗಳೊಬ್ಬರು, “ಗಾಳಿ ತಿರಿಗೇದರಿ ಸಾಹೇಬ್ರ, ಅದ್ದೂದು ನಿಲ್ಲಸ್ರಿ” ಎಂದರು. ಕೈಯಲ್ಲಿರುವಷ್ಟು ಮುಗಿಯಲಿ ಎಂದೆ. ಅದ್ದದ ಹಣ್ಣು ಕ್ರೇಟಿನಲ್ಲಿ, ಸೂರಿನಡಿ ಒಂದು ರಾತ್ರಿ ಕಾಯುತ್ತದೆ, ಅದ್ದಿದ್ದು ಕಾಯುವುದಿಲ್ಲ. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆಯ ದ್ರಾವಣವು ಹಣ್ಣಿನ ಮೇಲಿನ ಮೇಣವನ್ನು ಸಡಿಲಿಸುವುದರಿಂದಲೇ ಅದು ಹನ್ನೆರಡು ಹದಿನೈದು ದಿನಗಳಲ್ಲಿ ಒಣಗುತ್ತದೆ, ಅದೇ ಕಾರಣಕ್ಕೆ ತೇವ ತಗುಲಿದರೆ ಬೇಗ ಕೆಡುತ್ತದೆ. ಮೊದಲ ಬಿರುಗಾಳಿಗೇ ಪಡುವಣ ಬದಿಯ ತಾಡಪತ್ರಿಯ ಹಗ್ಗಗಳು ಒಂದೊಂದಾಗಿ ಕಿತ್ತುಬಂದವು. ಇಬ್ಬರು ಆಳುಗಳು ಅದರ ಅಂಚನ್ನು ಮೈಭಾರ ಹಾಕಿ ಹಿಡಿದು ನಿಂತರೂ ಓರೆಯಾಗಿ ಬಡಿಯುತ್ತಿದ್ದ ಮಳೆ ನಿಲ್ಲಲಿಲ್ಲ. ಮೇಲಿನ ಅಂತಸ್ತಿನ ಗೊಂಚಲುಗಳಿಂದ ತೊಟ್ಟಿಕ್ಕಿದ ನೀರು ಜಾಳಿಗೆಯ ಮೂಲಕ ಕೆಳಗಿನ ಅಂತಸ್ತಿಗೆ, ಅಲ್ಲಿಂದ ಅದರ ಕೆಳಗಿನದಕ್ಕೆ ಇಳಿಯುತ್ತ, ಮಳೆ ನೇರವಾಗಿ ತಾಗದ ಹಣ್ಣನ್ನೂ ನೆನೆಸಿತು. ಮುಂದಿನ ದಿನಗಳಲ್ಲೂ ಮೋಡ ಕವಿದೇ ಇತ್ತು. ಹಸಿರು ಹಣ್ಣು ಕಂದಾಯಿತು, ಹುಳಿ ವಾಸನೆ ಬಂತು, ಗಂಧಕದ ಹೊಗೆಯಿಂದಲೂ ಬಣ್ಣ ಮರಳಲಿಲ್ಲ. ನಾಲ್ಕು ಕಿಲೋ ಹಣ್ಣಿಗೆ ಸುಮಾರು ಒಂದು ಕಿಲೋ ಮಣೂಕ ಸಿಗುವ ಈ ವ್ಯವಹಾರದಲ್ಲಿ ಬಣ್ಣ ಹೋದರೆ ದರ ಬೀಳುತ್ತದೆ. ಔಷಧಿ, ಕೂಲಿ, ಶೆಡ್ಡಿನ ಬಾಡಿಗೆ ಮಾತ್ರ ಅಷ್ಟೇ ಇರುತ್ತವೆ.

ಅಂದು ನೆನೆದ ಹಣ್ಣಿನ ರೈತ ಅದನ್ನು ತಡವಾಗಿ ತಂದನೆಂದು ಶೆಡ್ಡಿನಲ್ಲಿ ಹಲವರು ಆಡಿಕೊಂಡದ್ದು ನನಗೆ ಸರಿಕಾಣಲಿಲ್ಲ. ಅಕ್ಟೋಬರ್ ಚಾಟ್ನಿಯ ಲೆಕ್ಕ ನಿಂತಿರುವುದೇ ಹಿಂಗಾರಿ ಮಳೆ ಆ ಹೊತ್ತಿಗೆ ಕೈಬಿಡುತ್ತದೆ ಎಂಬ ನಂಬಿಕೆಯ ಮೇಲೆ. ಮಳೆ ನಿಲ್ಲದೆ ಹಿಡಿದುಕೊಂಡರೆ ಎಳೆ ಚಿಗುರಿಗೂ ಹೂಗೊಂಚಲಿಗೂ ಡೌನಿ ಎಂಬ ಬೂಜುರೋಗ ಬರುತ್ತದೆ. ಅದಕ್ಕೆ ಹೆದರಿದ ರೈತ ಚಾಟ್ನಿಯನ್ನು ನವೆಂಬರಿಗೆ ತಳ್ಳುತ್ತಾನೆ. ಚಾಟ್ನಿಯಿಂದ ಕಟಾವಿಗೆ ನಾಲ್ಕೂವರೆ ತಿಂಗಳ ಆಸುಪಾಸು ಬೇಕಾಗುವುದರಿಂದ, ಫೆಬ್ರವರಿ ಕೊನೆಗೆ ಶೆಡ್ ಸೇರಬೇಕಾದ ಹಣ್ಣು ಮಾರ್ಚ್ ಕೊನೆಗೆ ಬಂದು ಆಣೆಕಲ್ಲು, ಗುಡುಗುಮಳೆಯ ಬಾಯಿಗೆ ಸಿಗುತ್ತದೆ. ಒಂದು ತುದಿಯ ಮಳೆ ತಪ್ಪಿಸಲು ಹೋದವನು ಇನ್ನೊಂದು ತುದಿಯ ಮಳೆಗೆ ಸಿಕ್ಕಿಬೀಳುತ್ತಿದ್ದಾನೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿದಿಡಬಲ್ಲದು. ಬೀಳುವ ಮಳೆ ಸ್ವಲ್ಪ ಹೊತ್ತಿನಲ್ಲೇ ರಭಸವಾಗಿ ಬೀಳುವುದಕ್ಕೆ ಅದೂ ಒಂದು ಕಾರಣ.

ಹವಾಮಾನ ಆಧಾರಿತ ಬೆಳೆ ವಿಮೆ ಪರಿಹಾರವನ್ನು ಲೆಕ್ಕ ಹಾಕುವುದು ಹವಾಮಾನ ಕೇಂದ್ರದ ಅಂಕಿಗಳ ಮೇಲೆ, ತೋಟದಲ್ಲಿ ನಿಂತಿರುವ ಬೆಳೆಗೆ. ಕಟಾವಾಗಿ ರ‍್ಯಾಕಿನ ಮೇಲೆ ಕಪ್ಪಾದ ಹಣ್ಣು ಆ ಲೆಕ್ಕಕ್ಕೆ ಬರುವುದಿಲ್ಲ. ಬೆಳೆಗಾರನ ವರ್ಷದ ಆದಾಯವೆಲ್ಲ ಬಯಲಿಗೆ ಬಿದ್ದಿರುವ ದಿನಗಳು ಇವೇ ಆಗಿರುವುದರಿಂದ, ಒಣಗಿಸುವ ಅವಧಿಯನ್ನೂ ವಿಮೆಯೊಳಗೆ ತರಲೇಬೇಕು.

ಈಗ ನಮ್ಮ ಬುಕಿಂಗ್ ವಹಿಯಲ್ಲಿ ಚಾಟ್ನಿಯ ತಾರೀಖಿಗೆ ಒಂದು ಕಲಂ ಇದೆ. ತಡವಾಗಿ ಚಾಟ್ನಿ ಮಾಡಿದವರಿಗೆ ನಡುವಿನ ಸಾಲಿನ ರ‍್ಯಾಕುಗಳನ್ನು ಕೊಡುತ್ತೇವೆ, ಮತ್ತು ಅರ್ಧ ಗಂಟೆಯಲ್ಲಿ ಮುಚ್ಚಿ ಬಿಗಿಯಲು ಆಗುವಷ್ಟು ಹಣ್ಣನ್ನು ಮಾತ್ರ ಒಮ್ಮೆಗೆ ಅದ್ದುತ್ತೇವೆ. ಅದ್ದುವುದನ್ನು ನಿಲ್ಲಿಸುವ ಅಧಿಕಾರ ತೊಟ್ಟಿಯ ಬಳಿ ಇರುವ ಹೆಣ್ಣುಮಕ್ಕಳಿಗೂ ಇದೆ. ತಾಡಪತ್ರಿ ಇನ್ನೂ ಹಳೆಯದೇ. ಫೆಬ್ರವರಿಯೊಳಗೆ ಹೊಸದು ಬಾರದಿದ್ದರೆ ಪಡುವಣ ಬದಿಯ ರ‍್ಯಾಕುಗಳಿಗೆ ಬುಕಿಂಗ್ ತೆಗೆದುಕೊಳ್ಳುವುದಿಲ್ಲವೆಂದು ಮಾಲೀಕರಿಗೆ ಬರೆದು ಕೊಟ್ಟಿದ್ದೇನೆ.