ಬಟ್ಟಲು ವಾಪಸ್ ಕೊಟ್ರಾ?

"ಅಪ್ಪಾ, ಆ ಬಟ್ಟಲು ವಾಪಸ್ ಕೊಟ್ರಾ?"

ಮಂಗಳವಾರ ರಾತ್ರಿ ಮಗ ಕೇಳಿದ್ದು. ಇನ್ನೂ ಬೆನ್ನು ಬಿಟ್ಟಿಲ್ಲ.

ಮೂರು ತಿಂಗಳಿಂದ ಮಲಗುವ ಹೊತ್ತಿಗೆ ಅವನಿಗೆ 'ಪಶ್ಚಿಮ ಯಾತ್ರೆ' ಹೇಳುತ್ತಿದ್ದೇನೆ. ಕೈಯಲ್ಲಿ ಇಂಗ್ಲಿಷ್ ಅನುವಾದ, ಬಾಯಲ್ಲಿ ಕನ್ನಡ. 1592ರಲ್ಲಿ ಅಚ್ಚಾದ ಚೀನೀ ಕಾದಂಬರಿ, ನೂರು ಅಧ್ಯಾಯ. ಇಮ್ಮಡಿ ಪುಲಕೇಶಿಯ ಪಾಠದಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದ ಹ್ಯೂಯೆನ್ ತ್ಸಾಂಗ್ ಇದ್ದಾನಲ್ಲ, ಬುದ್ಧನ ಗ್ರಂಥ ತರಲು ಚೀನಾದಿಂದ ಹೊರಟ ಆ ಸನ್ಯಾಸಿಯೇ ನಾಯಕ. ಹೆಸರಿಗೆ ಮಾತ್ರ. ನಿಜವಾದವನು ಗಟ್ಟಿಗ. ಕಥೆಯವನೋ, ರಾಕ್ಷಸ ಅಂದರೆ ಸಾಕು, ಕುದುರೆಯಿಂದ ಬೀಳುವ ಅಳುಬುರುಕ. ಕೆಲಸವೆಲ್ಲ ಕೋತಿ ಸುನ್ ವುಕೊಂಗ್‌ನದು. 72 ರೂಪ ತಾಳುತ್ತಾನೆ. ದೊಣ್ಣೆಯನ್ನು ಸೂಜಿಯಷ್ಟು ಮಾಡಿ ಕಿವಿಯೊಳಗೆ ಇಟ್ಟುಕೊಳ್ಳುತ್ತಾನೆ. ಮಗನಿಗೆ ಅವನು "ಚೈನಾ ಹನುಮಂತ". ನಾನು ತಿದ್ದಲು ಹೋಗಿಲ್ಲ. ಅವನ ಮೂಲ ಹನುಮಂತನೇ ಅಂತ ಹು ಷಿ, ಅಲ್ಲ ಅಂತ ಲು ಷುನ್, ಚೀನಾದ ದೊಡ್ಡ ಸಾಹಿತಿಗಳೇ ವಾದ ಮಾಡಿದ್ದಾರೆ.

ಮಂಗಳವಾರ 98ನೇ ಅಧ್ಯಾಯ. 14 ವರ್ಷ ನಡೆದು ಬುದ್ಧನ ಬೆಟ್ಟ ಮುಟ್ಟಿದ್ದಾರೆ. ಗ್ರಂಥ ಕೊಡಬೇಕಾದ ಬುದ್ಧನ ಶಿಷ್ಯರು ಆನಂದ, ಕಾಶ್ಯಪ ಇಬ್ಬರೂ ಕೇಳುತ್ತಾರೆ, ನಮಗೇನು ತಂದಿರಿ ಅಂತ. ಏನೂ ಇಲ್ಲ. ಸರಿ, ಕೊಟ್ಟರು. ದಾರಿಯಲ್ಲಿ ಬಿಚ್ಚಿದರೆ ಒಂದಕ್ಷರ ಇಲ್ಲ, ಬರೀ ಬಿಳಿ ಹಾಳೆ! ಕೋತಿ ವಾಪಸ್ ಹೋಗಿ ಬುದ್ಧನ ಹತ್ತಿರವೇ ದೂರುತ್ತಾನೆ. ಬುದ್ಧ ನಗುತ್ತಾನೆ. ಹಿಂದೆ ಶ್ರಾವಸ್ತಿಯ ಒಂದು ಮನೆಯಲ್ಲಿ ಇದನ್ನು ಓದಿ ಅಕ್ಕಿ ಅಳೆದ ಹಾಗೆ ಚಿನ್ನದ ಕಾಳು ತಂದಿದ್ದರು, ಅದೇ ಅಗ್ಗವಾಯಿತು ಅಂದಿದ್ದೆ. ನೀವು ಬರಿಗೈಲಿ ಬಂದಿರಿ, ಬರಿ ಹಾಳೆ ಸಿಕ್ಕಿತು ಅನ್ನುತ್ತಾನೆ. ಕೊನೆಗೆ ಸನ್ಯಾಸಿ, ಚಕ್ರವರ್ತಿ ಕೊಟ್ಟಿದ್ದ ಭಿಕ್ಷೆಯ ಬಟ್ಟಲನ್ನೇ ಕೊಡುತ್ತಾನೆ. ಅಕ್ಷರ ಇರುವ 5,048 ಸುರುಳಿ ಸಿಗುತ್ತವೆ.

ನಾನು ನಗುತ್ತಾ ಓದಿದೆ. ಮಗ ನಗಲಿಲ್ಲ. ಬಟ್ಟಲಿನ ಪ್ರಶ್ನೆ ಕೇಳಿದ.

ಹಿಂದಿನ ದಿನ ಅವನಿಗೆ ರಜೆ. ತೀರಿಹೋದ ನಮ್ಮಪ್ಪನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಅಂತ ಕಚೇರಿಗೆ ಹೋಗುವಾಗ ಕರೆದುಕೊಂಡು ಹೋಗಿದ್ದೆ. ನನಗದು ನಾಲ್ಕನೇ ಸಲ. "ಬರಿಗೈಲಿ ಬಂದ್ರೆ ಹೆಂಗೆ ಸಾರ್?" ಅಂದ ಗುಮಾಸ್ತ. ಎರಡು ಸಾವಿರ ಕೊಟ್ಟೆ. ಏನದು ಅಂತ ಮಗ ಕೇಳಿದಾಗ "ಫೀಸು" ಅಂದಿದ್ದೆ.

ಬರಿಗೈಲಿ. ಅದೇ ಮಾತು, ಅಲ್ವಾ?

ಕೆಟ್ಟ ಮನುಷ್ಯ ಅಲ್ಲ ಆತ. ಮಗನಿಗೆ ಕುರ್ಚಿ ಎಳೆದು ಕೂರಿಸಿದ, ಯಾವ ಕ್ಲಾಸು ಅಂತ ವಿಚಾರಿಸಿದ. ಅದೇ ಜಾಸ್ತಿ ಕಾಡುತ್ತಿದೆ. ನಾನೂ ನೋಟು ಮಡಚಿ ಫೈಲಿನ ಕೆಳಗೆ ಎಷ್ಟು ಸಲೀಸಾಗಿ ಸರಿಸಿದೆ, ಯಾರೋ ಕಲಿಸಿಕೊಟ್ಟ ಹಾಗೆ.

ಕಥೆಯಲ್ಲಿ ಇನ್ನೊಂದು ವಿಷಯ ಇದೆ. ಆನಂದ ಬಟ್ಟಲು ಹಿಡಿದುಕೊಂಡು ನಿಂತಾಗ ಅಡುಗೆಮನೆಯವರು, ಉಗ್ರಾಣದವರು ಮುತ್ತಿಕೊಳ್ಳುತ್ತಾರೆ. ಒಬ್ಬ ಮುಖ ಸವರುತ್ತಾನೆ, ಇನ್ನೊಬ್ಬ ಬೆನ್ನಿಗೆ ತಿವಿಯುತ್ತಾನೆ. ನಾಚಿಕೆಯಿಲ್ಲ, ಗ್ರಂಥಕ್ಕೆ ಬಂದವರ ಹತ್ತಿರವೂ ಕೇಳೋದಾ ಅಂತ ಗೇಲಿ ಮಾಡುತ್ತಾರೆ. ಆನಂದನ ಮುಖ ನಾಚಿಕೆಯಿಂದ ಸುಕ್ಕಾಗುತ್ತದೆ. ಬಟ್ಟಲು ಮಾತ್ರ ಬಿಡುವುದಿಲ್ಲ! ಇದನ್ನು ಬರೆದದ್ದು ವೂ ಚೆಂಗೆನ್ ಅನ್ನುತ್ತಾರೆ. ಯಾರೇ ಆಗಲಿ, ಕಚೇರಿಗೆ ಅಲೆದು ಚಪ್ಪಲಿ ಸವೆಸಿದವನೇ ಇರಬೇಕು.

ನಮ್ಮ ಕಚೇರಿಯಲ್ಲಿ ಪಕ್ಕದ ಟೇಬಲಿನವರು ತಲೆ ಕೂಡ ಎತ್ತಲಿಲ್ಲ.

"ಇಲ್ಲ ಪುಟ್ಟಾ, ವಾಪಸ್ ಕೊಡಲಿಲ್ಲ" ಅಂದೆ.

ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ, "ಮತ್ತೆ ಆ ಸನ್ಯಾಸಿ ತಾತ ಊಟಕ್ಕೆ ಏನು ಮಾಡ್ತಾರೆ?"

99ನೇ ಅಧ್ಯಾಯ ಇನ್ನೂ ತೆಗೆದಿಲ್ಲ.